ತಮಟೆ ಬಾರದೆ ಬಂದ ಹೊಳೆ

"ನೀರು ಹೋಗಿದ್ದಕ್ಕಿಂತ ನೀರು ಬಂದಿದ್ದೇ ನನಗೆ ದೊಡ್ಡ ಪೆಟ್ಟು ಕಣವ್ವ. ಹೋಗೋವಾಗ ಅದು ಒಂದೇ ಸಲ ಹೋಗ್ಲಿಲ್ಲ. ಮಾರಿಕಣಿವೆಗೆ ಕಟ್ಟೆ ಹಾಕಿದ್ರು ಅಂದ್ರು. ಆ ವರ್ಷ ಹೊಳೆ ಸೊಂಟದ ಮಟ ಬಂತು, ಮರುವರ್ಷ ಮೊಣಕಾಲ ಮಟ, ಆಮೇಲೆ ಮರಳು ಒದ್ದೆ ಆದ್ರೆ ಅದೇ ಹೊಳೆ. ಹಾಸಿಗೆ ಹಿಡಿದ ಮುದುಕೀನ ದಿನಾ ನೋಡ್ತಾ ನೋಡ್ತಾ ರೂಢಿ ಆಗ್ತದಲ್ಲ, ಹಂಗೆ ನಮಗೂ ರೂಢಿ ಆಗಿಹೋತು. ಬಂದಿದ್ದು ಹಂಗಲ್ಲ. ಮಧ್ಯಾಹ್ನ ಮುದ್ದೆ ತಿರುವ್ತಾ ಇದ್ದೆ. ಬಾಗಿಲಾಗೆ ಕಟ್ಟಿದ್ದ ಮೇಕೆ ಕಿವಿ ನಿಮಿರಿಸ್ಕಂಡು ಹೊಳೆ ಕಡೆ ನೋಡ್ತು. ನಾನೂ ನೋಡಿದೆ. ಹೊಳೆಯೊಳಗೆ ಒಂದು ಕೆಂಪು ಗೋಡೆ ನಡ್ಕಂಡು ಬರ್ತಾ ಐತೆ. ಗೋಡೆ ಕಣವ್ವ. ಅದರ ಮ್ಯಾಲೆ ಒಂದು ಜಾಲಿಮರ ಬೇರು ಮ್ಯಾಕೆ ಮಾಡ್ಕಂಡು ಕುಂತೈತೆ. ಮುದ್ದೆ ಕೋಲು ಕೈಯಾಗೇ ಇತ್ತು. ನಮ್ಮ ಮಾವ ಆ ಹೊಳೆಯೊಳಗೇ ಸೌತೆಬಳ್ಳಿ ಕಾಯೋಕೆ ಗುಡಿಸಲಾಗೆ ಇದ್ದ. ಮಲಗವನೆ ಅಂತ ತಿಳ್ಕಂಡೆ. ಬೆಳಿಗ್ಗೆನೇ ಹೇಳಿದ್ದೆ, ಇವತ್ತು ಇಳೀಬ್ಯಾಡ ಮಾವ, ಇರುವೆ ಮೊಟ್ಟೆ ಹೊತ್ಕಂಡು ದಡ ಹತ್ತತಾವೆ ಅಂತ. ನಕ್ಕ. 'ತಮಟೆ ಕೇಳಿಸ್ತೇನೇ?' ಅಂದ. ತಮಟೆ ಕೇಳಿಸಿರ್ಲಿಲ್ಲ."

ಎರ್ರಮ್ಮ ಇದನ್ನು ಹೇಳುವಾಗಲೆಲ್ಲ ಇಲ್ಲಿಗೆ ಬಂದು ನಿಲ್ಲುತ್ತಿದ್ದಳು.

ಅವಳು ಹುಟ್ಟಿದ್ದು ಮೊಳಕಾಲ್ಮೂರಿನ ಕಡೆಯ ಸಿದ್ದಾಪುರದಲ್ಲಿ, ಚಿನ್ನಹಗರಿ ಹೊಳೆಗೆ ಬಲೆ ಬೀಸುತ್ತಿದ್ದವರ ಮನೆಯಲ್ಲಿ. ತಾಯಿಯ ತಮ್ಮ ಪೆದ್ದಣ್ಣನಿಗೇ ಕೊಟ್ಟು ಮದುವೆ ಮಾಡಿದರು. ಹಾಗಾಗಿ ಗಂಡನಾದ ಮೇಲೂ ಅವನು ಅವಳಿಗೆ ಮಾವನೇ. ಪೆದ್ದಣ್ಣನದು ಗಂಗವ್ವನಹಟ್ಟಿ, ಚಳ್ಳಕೆರೆಯಲ್ಲಿ ಬಂಡಿ ಕಟ್ಟಿದರೆ ಹೊತ್ತು ಇಳಿಯುವುದರೊಳಗೆ ಸಿಗುವ ವೇದಾವತಿ ದಡದ ಊರು. ಊರಿಗೆ ಹರಿಗೋಲು ಒಂದೇ. ಅದನ್ನು ಹಾಕುವುದು ತಲೆತಲಾಂತರದಿಂದ ಪೆದ್ದಣ್ಣನ ಮನೆಯವರು.

ಹರಿಗೋಲು ಕಟ್ಟುವ ಕೆಲಸವನ್ನು ಎರ್ರಮ್ಮ ಬಂದ ವರ್ಷವೇ ಕಲಿತಳು. ಬಿದಿರು ಸೀಳಿ ದಬ್ಬೆ ಮಾಡುವುದು ಗಂಡಸರು. ಆ ದಬ್ಬೆಗಳನ್ನು ದೊಡ್ಡ ಕುಕ್ಕೆಯ ಹಾಗೆ ಗುಂಡಗೆ ಹೆಣೆಯುವುದು ಹೆಂಗಸರು. ಆಮೇಲೆ ಹದ ಮಾಡಿದ ಎಮ್ಮೆ ಚರ್ಮವನ್ನು ಹೊರಗಿನಿಂದ ಹೊದಿಸಿ, ದಬ್ಬಣದಲ್ಲಿ ಹೊಲಿದು, ಹೊಲಿಗೆಗೆಲ್ಲ ಹರಳೆಣ್ಣೆ ಮೆತ್ತಬೇಕು. ಹೊಳೆ ತುಂಬಿದಾಗ ಮೊಳಕಾಲ್ಮೂರಿನ ನೇಕಾರರು ರೇಷ್ಮೆ ಸೀರೆಯ ಗಂಟು ಹೊತ್ತು ಶಿರಾ ಕಡೆಗೆ ಹೋಗಲು ಬರುತ್ತಿದ್ದರು. ಹರಿಗೋಲಿನಲ್ಲಿ ಕೂತ ಮೇಲೂ ಗಂಟು ತಲೆಯ ಮೇಲೇ.

"ಇಳಿಸಪ್ಪಾ ಕೆಳಗೆ. ನೀನು ಹೊತ್ತರೆ ಹರಿಗೋಲಿಗೆ ಭಾರ ಕಮ್ಮಿ ಆಗ್ತದಾ?" ಎಂದು ಪೆದ್ದಣ್ಣ ರೇಗಿಸುವನು.

"ನೆನೆದರೆ ನಿನ್ನ ಹೆಂಡತಿ ಉಡ್ತಾಳೇನು?" ಎಂದು ಅವರು ತೆಲುಗಿನಲ್ಲಿ ಬಾಯಿ ಮುಚ್ಚಿಸುವರು.

ಎರ್ರಮ್ಮನಿಗೆ ತೆಲುಗು ಮನೆಮಾತು. ದಡದಲ್ಲಿ ನಿಂತು ಕೇಳಿಸಿಕೊಂಡು, "ಉಡ್ತೀನಿ, ನೆನೆದೇ ಬರಲಿ," ಎಂದು ತೆಲುಗಿನಲ್ಲೇ ತಿರುಗಿಸಿ ಹೇಳುವಳು.

ಹೊಳೆ ಬರುವುದು ಗೊತ್ತಾಗುತ್ತಿದ್ದುದು ತಮಟೆಯಿಂದ. ಮೇಲಿನ ಊರಿನವರಿಗೆ ನೀರು ಕಂಡರೆ ಅವರು ತಮಟೆ ಹೊಡೆಯಬೇಕು, ಅದು ಕಿವಿಗೆ ಬಿದ್ದ ಕೆಳಗಿನ ಊರಿನವರು ತಾವೂ ಹೊಡೆಯಬೇಕು. ಹೀಗೆ ಊರಿಂದ ಊರಿಗೆ ತಮಟೆ ಹಾರಿ ಬರುತ್ತಿತ್ತು. ಹೊಳೆ ಅದರ ಹಿಂದೆ ಬರುತ್ತಿತ್ತು. ಗಂಗವ್ವನಹಟ್ಟಿಗೆ ಕೇಳಿಸುತ್ತಿದ್ದುದು ಮೇಲಿನಹಟ್ಟಿಯ ದೊಡ್ಡಪಾಲಯ್ಯನ ತಮಟೆ. ಪೆದ್ದಣ್ಣನಿಗೆ ತನ್ನ ಕಣ್ಣಿಗಿಂತ ಆ ತಮಟೆಯ ಮೇಲೆ ನಂಬಿಕೆ. ಆಕಾಶ ಕಪ್ಪಗಾಗಲಿ, ಗಾಳಿಯಲ್ಲಿ ಕೆಸರಿನ ವಾಸನೆ ಬರಲಿ, ತಮಟೆ ಕೇಳದೆ ಅವನು ಮರಳಿನಿಂದ ಮೇಲೇಳುತ್ತಿರಲಿಲ್ಲ. ಅವನ ಅಪ್ಪನೂ ಹಾಗೇ ಇದ್ದನಂತೆ. ಒಂದು ಸಲವೂ ತಮಟೆ ಅವರಿಗೆ ತಪ್ಪಿರಲಿಲ್ಲ.

ಕಣಿವೆಗೆ ಕಟ್ಟೆಯಾಗಿ ಹೊಳೆ ನಿಂತ ಮೇಲೆ ಹರಿಗೋಲನ್ನು ಹಿತ್ತಲಲ್ಲಿ ಬೋರಲು ಹಾಕಿದರು. ಜನ ಚಪ್ಪಲಿ ಕಾಲಲ್ಲೇ ಹೊಳೆ ದಾಟತೊಡಗಿದರು. ಸೀರೆ ಗಂಟಿನವರು ಪೆದ್ದಣ್ಣನ ಮನೆ ಮುಂದೆ ಹಾಯುವಾಗ ಮಾತಾಡಲೂ ನಾಚಿ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದರು. ಪೆದ್ದಣ್ಣ ಕೊಟ್ಟೂರಪ್ಪಗೌಡರ ಎರಡು ಬಾವಿಯ ತೋಟದಲ್ಲಿ ಕಪಿಲೆ ಹೊಡೆಯಲು ಸೇರಿಕೊಂಡ. ಬಾವಿಯ ದಡದಿಂದ ಎತ್ತುಗಳನ್ನು ಇಳಿಜಾರಿಗೆ ಹೊಡೆಯುವುದು, ನೊಗಕ್ಕೆ ಕಟ್ಟಿದ ಮಿಣಿ ಹಗ್ಗ ಎಳೆದಂತೆ ಚರ್ಮದ ಬಾನೆ ನೀರು ತುಂಬಿಕೊಂಡು ಮೇಲೆ ಬರುವುದು, ಸುರಿಯುವುದು, ಮತ್ತೆ ಎತ್ತುಗಳನ್ನು ಹಿಂದಕ್ಕೆ ನಡೆಸುವುದು. ಹೊಳೆಯ ಮೇಲೆ ಇದ್ದವನು ಬಾವಿಯ ಬಾಯಲ್ಲಿ ನಿಂತ.

ಒಂದು ಬೇಸಿಗೆ ಆ ಬಾನೆ ಹರಿದುಹೋಯಿತು. ಎರ್ರಮ್ಮ ಸಂತೆಯಿಂದ ಬಂದು ನೋಡುತ್ತಾಳೆ, ಹಿತ್ತಲಲ್ಲಿ ಪೆದ್ದಣ್ಣ ಹರಿಗೋಲಿನ ಮೇಲೆ ಕೂತು ಚರ್ಮವನ್ನು ಕತ್ತರಿಸುತ್ತಿದ್ದಾನೆ. ಅವಳ ತಲೆಯ ಮೇಲಿನ ಕುಕ್ಕೆ ಕೆಳಗೆ ಬಿತ್ತು.

"ಏನ್ ಮಾಡ್ತಿದೀಯಾ ಮಾವ?"

"ಕಾಣ್ತಿಲ್ವಾ? ಬಾನೆಗೆ ಚರ್ಮ ಬೇಕು."

"ಅದು ಹರಿಗೋಲು."

"ಯಾವ ಹೊಳೆಗೆ?" ಎಂದ ಪೆದ್ದಣ್ಣ. ತಲೆ ಎತ್ತಲಿಲ್ಲ.

ಉಳಿದ ಬಿದಿರಿನ ಹೆಣಿಗೆಯನ್ನು ಒಲೆಗೆ ಹಾಕಲು ಎರ್ರಮ್ಮ ಬಿಡಲಿಲ್ಲ. ಅದರ ಕೆಳಗೆ ಕೋಳಿ ಮುಚ್ಚತೊಡಗಿದಳು. ಪೆದ್ದಣ್ಣ ಕಪಿಲೆಯ ಕೆಲಸವಿಲ್ಲದ ದಿನ ಹೊಳೆಯ ಮರಳಿನಲ್ಲೇ ಸೌತೆ ಹಾಕಿ, ಬಂಡೆಯ ಪಕ್ಕದಲ್ಲಿ ಗುಡಿಸಲು ಮಾಡಿಕೊಂಡ.

ಹೀಗಿರುವಾಗ ಆ ವರ್ಷದ ಚಿತ್ತೆ ಮಳೆ. ಕಟ್ಟೆಯಿಂದ ಈಚೆಗೆ ಬಂದು ಸೇರುವ ಹಳ್ಳಗಳೂ ಇವೆಯೆಂಬುದನ್ನು ಎಲ್ಲರೂ ಮರೆತಿದ್ದರು. ಆ ಹಳ್ಳಗಳ ತಲೆಯಲ್ಲಿ ರಾತ್ರಿಯೆಲ್ಲ ಸುರಿದ ಮಳೆ ಗಂಗವ್ವನಹಟ್ಟಿಯಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.

ಎರ್ರಮ್ಮ ದಡಕ್ಕೆ ಓಡಿದಾಗ ಗುಡಿಸಲು ಇರಲಿಲ್ಲ. ಸೌತೆಬಳ್ಳಿ ಇರಲಿಲ್ಲ. ಹೊಳೆಯ ನಡುವಿಗಿಂತ ಕೊಂಚ ಈಚೆಗೆ ಬಂಡೆಯ ನೆತ್ತಿ ಮಾತ್ರ ಕಾಣುತ್ತಿತ್ತು. ಅದರ ಮೇಲೆ ಪೆದ್ದಣ್ಣ ಮೊಣಕಾಲು ತಬ್ಬಿಕೊಂಡು ಕೂತಿದ್ದ. ದಡದ ಉದ್ದಕ್ಕೂ ಊರೇ ನಿಂತಿತ್ತು. ಕೊಟ್ಟೂರಪ್ಪಗೌಡರು ಟವೆಲ್ಲಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದರು. ಒಬ್ಬಳು ಮುದುಕಿ ಕೊಡ ಹಿಡಿದು ಮರಳು ತೋಡಲು ಬಂದವಳು ತುಂಬಿದ ಹೊಳೆಯ ಮುಂದೆ ಆ ಖಾಲಿ ಕೊಡವನ್ನು ಸೊಂಟದಿಂದ ಇಳಿಸದೆ ನಿಂತೇ ಇದ್ದಳು.

ಬಂಡೆಯ ಮೈಮೇಲೆ ನೀರು ಗೆರೆ ಗೆರೆಯಾಗಿ ಏರುತ್ತಿತ್ತು. ಈಜಿ ಹೋಗುವುದೆಂದರೆ ಬೇರು ಸಮೇತ ಬರುತ್ತಿದ್ದ ಮರಗಳಿಗೆ ತಲೆ ಕೊಟ್ಟಂತೆ.

ಎರ್ರಮ್ಮ ಹಿಂದಿರುಗಿ ಹಿತ್ತಲಿಗೆ ಓಡಿದಳು. ಕೋಳಿಗಳನ್ನು ಹೊಡೆದೋಡಿಸಿ ಹೆಣಿಗೆಯನ್ನು ಬೋರಲಾಗಿಯೇ ಹೊರಗೆ ಎಳೆದಳು. ದಬ್ಬೆ ಗಟ್ಟಿಯಾಗಿತ್ತು. ಚರ್ಮವಿರಲಿಲ್ಲ. ಪಕ್ಕದ ಬಯಲಿನಲ್ಲಿ ಕಂಬಳಿ ನೇಯುವ ಮರುಳಪ್ಪ ಚಳ್ಳಕೆರೆ ಸಂತೆಗೆಂದು ಹುಣಸೆಬೀಜದ ಹಿಟ್ಟು ಕುದಿಸಿದ ಸರಿ ಬಳಿದ ಕಂಬಳಿಗಳನ್ನು ಒಣಗಲು ಹಾಸಿದ್ದ. ಹಲಗೆಯ ಹಾಗೆ ಸೆಟೆದುಕೊಂಡಿದ್ದವು.

"ಮರುಳಪ್ಪಾ, ನಿನ್ನ ಕಂಬಳಿ ಮ್ಯಾಲೆ ನೀರು ಹುಯ್ದರೆ ಗೋಲಿ ಹಂಗೆ ಉರುಳ್ತದೆ ಅಂತ ಸಂತೇಲಿ ಕೂಗ್ತೀಯಲ್ಲ, ಅದು ನಿಜವಾ?"

ಮರುಳಪ್ಪ ಕಂಬಳಿಗಳಿಗೆ ಅಡ್ಡ ನಿಂತ. "ಮಳೆ ನೀರಿಗೆ ಹೇಳಿದ್ದು ಕಣಕ್ಕಾ. ಹೊಳೆಗಲ್ಲ."

"ಎರಡು ಒಂದರ ಮ್ಯಾಲೊಂದು ಹೊದಿಸಿದ್ರೆ?"

"ನಾನು ಹೆಂಗೆ ಹೇಳ್ಲಿ? ಇಂಥಾ ಕೆಲಸ ಯಾರು ಮಾಡವ್ರೆ?"

ಹೇಳುತ್ತಲೇ ಅವನು ಕಂಬಳಿ ಎತ್ತಿಕೊಟ್ಟ. ಅವನ ಹೆಂಡತಿ ದಬ್ಬಣ ತಂದಳು. ಹೆಂಗಸರು ಸುತ್ತ ಕೂತು ಹೊಲಿದರು. ಎರ್ರಮ್ಮ ಮನೆಯಲ್ಲಿದ್ದ ಹರಳೆಣ್ಣೆಯನ್ನೆಲ್ಲ ಸುರಿದು ಅಂಗೈಯಿಂದ ತಿಕ್ಕಿದಳು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಯಾರು ಹತ್ತೋರು ಇದನ್ನ?" ಎಂದು ಗೌಡರು ಮೊದಲ ಸಲ ಬಾಯಿ ಬಿಟ್ಟರು.

"ಯಾರೂ ಬ್ಯಾಡ ಗೌಡ್ರೇ. ಎರಡೂ ಬಾವಿಯ ಕಪಿಲೆ ಮಿಣಿ ಬಿಚ್ಚಿಸ್ರಿ. ಎತ್ತು ತರಿಸ್ರಿ."

ಗೌಡರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಟವೆಲ್ ಎಸೆದು ತಾವೇ ತೋಟಕ್ಕೆ ಓಡಿದರು.

ಹಿಂದೆ ತುಂಬಿದ ಹೊಳೆಯಲ್ಲಿ ಪೆದ್ದಣ್ಣ ಹರಿಗೋಲು ಬಿಡುತ್ತಿದ್ದುದು ಮೇಲಿನ ತಿರುವಿನಿಂದ. ಅಲ್ಲಿ ಬಿಟ್ಟರೆ ಸೆಳವು ತಾನೇ ಬಂಡೆಯ ಕಡೆಗೆ ತಳ್ಳುತ್ತದೆ. ಬುತ್ತಿ ತೆಗೆದುಕೊಂಡು ಹೋದಾಗಲೆಲ್ಲ ಎರ್ರಮ್ಮ ಅದನ್ನು ನೋಡಿದ್ದಳು. ಕಂಬಳಿ ಹೊದ್ದ ಹರಿಗೋಲನ್ನು ಆ ತಿರುವಿಗೇ ಹೊರಿಸಿ, ಎರಡು ಮಿಣಿ ಗಂಟು ಹಾಕಿ ಒಂದು ತುದಿಯನ್ನು ಹರಿಗೋಲಿಗೆ, ಇನ್ನೊಂದನ್ನು ಎತ್ತಿನ ನೊಗಕ್ಕೆ ಕಟ್ಟಿಸಿದಳು. ಕಂಬಳಿಯ ಹರಿಗೋಲು ನೀರಿಗೆ ಬಿದ್ದದ್ದೇ ಸುತ್ತತೊಡಗಿತು. ಮುಳುಗಿತು ಎಂದರು. ಮತ್ತೆ ಕಂಡಿತು. ಜನ ಮಿಣಿ ಸಡಿಲಿಸುತ್ತ ಬಂದರು. ಅದು ಬಂಡೆಗೆ ಡಿಕ್ಕಿ ಹೊಡೆದು ನಿಂತಿತು.

ಪೆದ್ದಣ್ಣ ಹತ್ತಲಿಲ್ಲ.

ಅವನು ಅದನ್ನು ನೋಡುತ್ತ ಕೂತ. ಕೈ ಚಾಚಿ ಕಂಬಳಿಯನ್ನು ಮುಟ್ಟಿದ. ದಡದ ಕಡೆ ನೋಡಿದ, ಮತ್ತೆ ಕಂಬಳಿಯನ್ನು ಮುಟ್ಟಿದ. ನೀರು ಅವನ ಪಾದ ದಾಟಿತ್ತು.

"ಹತ್ತೋ ಪೆದ್ದಣ್ಣಾ!" ಎಂದು ಎರ್ರಮ್ಮ ಕಿರುಚಿದಳು. ಗಂಡನ ಹೆಸರು ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಪಕ್ಕದಲ್ಲಿದ್ದ ಹೆಂಗಸರು ಆ ಹೊತ್ತಿನಲ್ಲೂ ತಿರುಗಿ ಅವಳನ್ನೇ ನೋಡಿದರು. ಅವನಿಗೂ ಕೇಳಿಸಿತು. ಬೆಚ್ಚಿಬಿದ್ದು ಎದ್ದ, ಹರಿಗೋಲಿನೊಳಗೆ ಬೋರಲು ಬಿದ್ದ.

"ಹೊಡೀರಿ ಎತ್ತು!"

ಎತ್ತುಗಳು ಬಾವಿಯ ಇಳಿಜಾರಿನಲ್ಲಿ ನಡೆಯುವ ಹಾಗೇ, ತಲೆ ತಗ್ಗಿಸಿಕೊಂಡು, ಹೊಲದ ಕಡೆಗೆ ನಡೆದವು. ಮಿಣಿ ಬಿಗಿದು ನೀರಿನಿಂದ ಮೇಲೆದ್ದಿತು. ಕಂಬಳಿಯ ಸರಿ ಬಿಟ್ಟು ಅಂಚು ಜೋಲುತ್ತಿತ್ತು. ದಡ ಮುಟ್ಟುವಾಗ ಹರಿಗೋಲು ಬಾನೆಯ ಹಾಗೆ ನೀರು ತುಂಬಿಕೊಂಡಿತ್ತು. ಆ ನೀರಿನಲ್ಲಿ ಪೆದ್ದಣ್ಣ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಬದುಕಿದ್ದಾನೋ ಇಲ್ಲವೋ ಎಂದು ನೋಡಲು ಯಾರಿಗೂ ಧೈರ್ಯವಾಗಲಿಲ್ಲ. ಎರ್ರಮ್ಮ ಮೂಗಿನ ಹತ್ತಿರ ಕೈ ಹಿಡಿದಳು. ಬೆಚ್ಚಗಿನ ಉಸಿರು ತಾಗಿದ ಮೇಲೆ ಅಲ್ಲೇ ಕೆಸರಿನಲ್ಲಿ ಕೂತಳು.

ಮರುದಿನ ಬೆಳಿಗ್ಗೆ ಮೇಲಿನಹಟ್ಟಿಯ ದೊಡ್ಡಪಾಲಯ್ಯ ಬಂದ. ಜಗಲಿ ಹತ್ತದೆ ಅಂಗಳದಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಒಳಗೆ ಎರ್ರಮ್ಮ ಒಲೆ ಹಚ್ಚುತ್ತಿದ್ದಳು.

"ತಮಟೆ ಬರ್ಲಿಲ್ಲಲ್ಲೋ ಪಾಲಯ್ಯಾ," ಎಂದ ಪೆದ್ದಣ್ಣ.

"ಗ್ವಾಡೆ ಮ್ಯಾಲೇ ಇತ್ತು. ಕೈ ಹೋಗ್ಲಿಲ್ಲ." ದೊಡ್ಡಪಾಲಯ್ಯ ನೆಲ ನೋಡುತ್ತ ಹೇಳಿದ. "ಹೊಳೆ ಬರ್ತಾ ಐತೆ ಅಂತ ಕಣ್ಣಿಗೆ ಕಾಣ್ತೈತೆ, ಒಳಗೆ ನಂಬ್ಕೆ ಬರಾಕಿಲ್ಲ. ನೋಡ್ತಾ ನಿಂತುಬಿಟ್ಟೆ. ನಮ್ಮೂರು ದಾಟಿ ಹೋದ ಮ್ಯಾಲೆ ನಿನ್ನ ನೆಪ್ಪಾತು. ಬೈಯೋದಾದ್ರೆ ಬೈದುಬಿಡು."

ಪೆದ್ದಣ್ಣ ಜಗಲಿಯಿಂದ ಇಳಿದು ಅವನ ಪಕ್ಕ ಕೂತ.

"ನಾನೇನು ಮಲಗಿರ್ಲಿಲ್ಲ ಕಣೋ. ತಿರುವಿನಾಗೆ ಬರೋವಾಗ್ಲೇ ಕಂಡ್ತು. ಎದ್ದು ದಡ ಹತ್ತಬಹುದಿತ್ತು. ತಮಟೆ ಆಗಿಲ್ಲವಲ್ಲ, ಇದು ಹೊಳೆ ಹೆಂಗಾದೀತು ಅಂತ ನೋಡ್ತಾ ಕುಂತಿದ್ದೆ."

ಒಲೆ ಊದುತ್ತಿದ್ದ ಎರ್ರಮ್ಮ ಊದುವುದು ನಿಲ್ಲಿಸಿದಳು. ನಿದ್ದೆಯಲ್ಲಿ ಸಿಕ್ಕಿಕೊಂಡನೆಂದೇ ಅವಳು ತಿಳಿದಿದ್ದಳು. ಎದ್ದು ಬಾಗಿಲಿಗೆ ಬಂದಳು. ಗಂಡನ ಮುಖ ನೋಡಿದಳು, ದೊಡ್ಡಪಾಲಯ್ಯನ ಮುಖ ನೋಡಿದಳು. ಇಬ್ಬರೂ ಒಂದೇ ಪೆಟ್ಟು ತಿಂದವರ ಹಾಗೆ ಹೊಳೆಯ ಕಡೆ ತಿರುಗಿ ಕೂತಿದ್ದರು.

"ಗಂಜಿ ಕುಡಿದು ಹೋಗು ಪಾಲಯ್ಯಣ್ಣ," ಎಂದಳು.

ಹಿತ್ತಲಿಗೆ ಹೋಗಿ ಹರಿಗೋಲಿನ ಪಕ್ಕ ಕೂತು ಕಂಬಳಿಯ ಹೊಲಿಗೆ ಬಿಚ್ಚತೊಡಗಿದಳು. ಮರುಳಪ್ಪನ ಸಂತೆ ಹತ್ತಿರ ಬರುತ್ತಿತ್ತು. ಎರಡೂ ಕಂಬಳಿಗಳನ್ನು ಕೆಸರು ಹೋಗುವಂತೆ ಜಾಲಿಸಿ, ಬಯಲಿನಲ್ಲಿ ಗೂಟ ಹೊಡೆದು ಬಿಗಿದಳು. ಹುರಿದ ಹುಣಸೆಬೀಜ ಬೀಸಿ, ಹಿಟ್ಟು ಕುದಿಸಿ, ಸರಿ ಗಟ್ಟಿಯಾದ ಮೇಲೆ ಗಡಿಗೆ ಇಳಿಸಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಂಚ ಅದ್ದಿ, ಒಂದು ಅಂಚಿನಿಂದ ಬಳಿಯುತ್ತ ಬಂದಳು.