ಹಿತ್ತಿಲಿಗೆ ಹೊದಿಸಿದ ಶೇಂಗಾ ಸಿಪ್ಪೆ

೧೯೪೪ರ ಜನವರಿಯಲ್ಲಿ ನನ್ನನ್ನು ಹೊನ್ನಾಳಿಯಿಂದ ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ವರ್ಗ ಮಾಡಿದರು. ನಾನಾಗ ವ್ಯವಸಾಯ ಖಾತೆಯಲ್ಲಿ ಫೀಲ್ಡ್‌ಮನ್, ಎಂದರೆ ಮೇಲಿನವರು ಹೇಳಿದ್ದನ್ನು ಊರೂರಿಗೆ ಹೋಗಿ ಮಾಡಿ ತೋರಿಸುವ ಸಣ್ಣ ನೌಕರ. ವಯಸ್ಸು ಇಪ್ಪತ್ತಾರು. ಯುದ್ಧದ ಕಾಲ, ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ತತ್ವಾರ. ಮನೆಮನೆಯ ಹಿತ್ತಿಲಲ್ಲಿ ಸೊಪ್ಪು ತರಕಾರಿ ಬೆಳೆಸಬೇಕು, ಅದಕ್ಕೆ ಬೇಕಾದ ಗೊಬ್ಬರ ಆಯಾ ಊರಿನಲ್ಲೇ ಖರ್ಚಿಲ್ಲದೆ ಸಿಗುವಂತೆ ಮಾಡಬೇಕು ಎಂಬುದು ನನಗಿದ್ದ ಆಜ್ಞೆ. ಹೊನ್ನಾಳಿ, ನ್ಯಾಮತಿ ಕಡೆ ಎರಡು ವರ್ಷ ಈ ಕೆಲಸ ಮಾಡಿ ಭೇಷ್ ಅನ್ನಿಸಿಕೊಂಡಿದ್ದೆ. ಅದರ ಧಿಮಾಕು ತಲೆಗೇರಿತ್ತು ಎಂದು ಈ ವಯಸ್ಸಿನಲ್ಲಿ ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ನಾನು ಕಲಿಸುತ್ತಿದ್ದುದು ಎರಡೇ ವಿಷಯ. ಒಂದು ಕಾಂಪೋಸ್ಟ್: ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಆಳದ ಗುಂಡಿಯಲ್ಲಿ ಕಸಕಡ್ಡಿ, ಸಗಣಿ ನೀರು, ಬೂದಿ, ಮಣ್ಣು ಪದರ ಪದರವಾಗಿ ಹಾಕಿ ಕೊಳೆಸುವುದು. ಇನ್ನೊಂದು ಮಲ್ಚ್, ಅಂದರೆ ಬಿಸಿಲಿಗೆ ಪಾತಿಯ ತೇವ ಆರದಂತೆ ಮಣ್ಣಿಗೆ ಹೊದಿಕೆ ಹಾಕುವುದು. ಹೊನ್ನಾಳಿಯ ಹೊಳೆಸಾಲಿನಲ್ಲಿ ಭತ್ತದ ಹುಲ್ಲು ಬೇಕಾದಷ್ಟು, ಅದನ್ನೇ ಹೊದಿಸುತ್ತಿದ್ದೆವು. ಬಿಳಿಚೋಡಿನಲ್ಲಿ ಭತ್ತವೂ ಇಲ್ಲ, ಹುಲ್ಲೂ ಇಲ್ಲ. ಇರುವ ಜೋಳದ ಸೊಪ್ಪೆ ದನಕ್ಕೇ ಸಾಲದು. ಆದರೆ ಸುತ್ತಲೂ ಶೇಂಗಾ ಬೆಳೆಯುತ್ತಿದ್ದರು, ಸುಲಿದ ಸಿಪ್ಪೆ ಕಣದ ಮೂಲೆಯಲ್ಲಿ ರಾಶಿ ಬಿದ್ದಿರುತ್ತಿತ್ತು. ಪುಕ್ಕಟೆ ಸಿಗುವ ಹೊದಿಕೆ! ನಾನು ಸಿಕ್ಕಾಪಟ್ಟೆ ಹಿಗ್ಗಿದೆ. ಇಷ್ಟು ಸುಲಭದ ಸಾಮಾನನ್ನು ಈ ಊರಿನವರು ಇಷ್ಟು ವರ್ಷ ಯಾಕೆ ಹಿತ್ತಿಲಿಗೆ ಹಾಕಿಲ್ಲ ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ.

ಮಾಡಿ ತೋರಿಸಲು ನಾನು ಆರಿಸಿಕೊಂಡದ್ದು ನಿಂಗಮ್ಮ ಎಂಬಾಕೆಯ ಹಿತ್ತಿಲು. ನಲವತ್ತು ದಾಟಿದ ವಿಧವೆ, ಕೂಲಿ ಮಾಡಿ ಬದುಕುತ್ತಿದ್ದಳು. ಮಗಳು ದೇವೀರಮ್ಮ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಆರು ತಿಂಗಳು ತುಂಬಿತ್ತು. ಮೊದಲ ಬಸಿರಿನ ಮಗು ಉಳಿದಿರಲಿಲ್ಲ. ಈಗಲೂ ಮುಖ ಬಿಳಿಚಿಕೊಂಡು, ಕಾಲು ಊದಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಜಗಳೂರಿನ ಡಾಕ್ಟರು ಕಬ್ಬಿಣದ ಔಷಧಿ ಕೊಟ್ಟು, ದಿನಾ ಸೊಪ್ಪು ತಿನ್ನಿಸಿ, ರಕ್ತ ತೀರಾ ಕಡಿಮೆ ಇದೆ, ಹೆರಿಗೆ ತಾಳಿಕೊಳ್ಳುವುದು ಕಷ್ಟ ಎಂದು ಬಾಯಿಬಿಟ್ಟು ಹೇಳಿದ್ದರು. ಮಳೆಯಿಲ್ಲದ ಆ ದಿನಗಳಲ್ಲಿ ಊರಿನಲ್ಲಿ ಸೊಪ್ಪು ಎಲ್ಲಿ? ವಾರಕ್ಕೊಮ್ಮೆ ಜಗಳೂರು ಸಂತೆಗೆ ಬಂದದ್ದು ಮಧ್ಯಾಹ್ನದೊಳಗೆ ಬಾಡುತ್ತಿತ್ತು. ಹಾಗಾಗಿ ನಿಂಗಮ್ಮ ನಾನು ಕೇಳುವ ಮೊದಲೇ ತಾನಾಗಿ ಬಂದಳು.

“ನೀವು ಹೆಂಗೆ ಹೇಳ್ತೀರೋ ಹಂಗೆ ಮಾಡ್ತೀನಿ ಸಾಹೇಬ್ರೆ. ನನ್ನ ಮಗಳು ಉಳಿದ್ರೆ ಸಾಕು.”

ಗುಂಡಿಯ ಗೊಬ್ಬರ ಮಾಗಲು ಕಡಿಮೆ ಎಂದರೂ ಮೂರು ತಿಂಗಳು ಬೇಕು, ಅಷ್ಟು ಕಾಲ ನಮಗಿರಲಿಲ್ಲ. ಮಾಗಿದ ಗೊಬ್ಬರ ಇದ್ದದ್ದು ದನಕರು ಇದ್ದವರ ತಿಪ್ಪೆಯಲ್ಲಿ ಮಾತ್ರ. ಪಕ್ಕದ ಮನೆಯ ಚನ್ನಬಸಪ್ಪಗೌಡರ ತಿಪ್ಪೆ ಆಳೆತ್ತರ ಇತ್ತು. ಎರಡು ಗಾಡಿ ಗೊಬ್ಬರ ಕ್ರಯಕ್ಕೆ ಕೊಡಿ ಎಂದು ಕೇಳಲು ಹೋದೆ. ಗೌಡರು ಒಳ್ಳೆಯ ಮನುಷ್ಯರೇ, ಆದರೆ ನನ್ನ ಮಾತು ಕೇಳಿ ಮುಖ ಗಂಟು ಹಾಕಿದರು.

“ತಿಪ್ಪೆ ಅಂದ್ರೆ ಮನಿ ಲಕ್ಷ್ಮಿ ರೀ. ದೀಪಾವಳಿಗೆ ಪೂಜೆ ಮಾಡ್ತೀವಿ. ಅದನ್ನ ಮಾರಾಕೂ ಬರಲ್ಲ, ಹೊರಗೆ ಕೊಡಾಕೂ ಬರಲ್ಲ. ಬೇರೆ ಏನಾರ ಕೇಳ್ರಿ.”

ಮೂಢನಂಬಿಕೆ ಎಂದು ಮನಸ್ಸಿನಲ್ಲೇ ಬೈದುಕೊಂಡು ಬಂದೆ. ಒಲೆಯ ಬೂದಿ, ದಾರಿಯಲ್ಲಿ ಆಯ್ದ ಸಗಣಿ, ಕುರಿ ಹಿಂಡು ಹೋದ ಜಾಡಿನ ಹಿಕ್ಕೆ ಇಷ್ಟನ್ನೇ ಮಣ್ಣಿಗೆ ಸೇರಿಸಿ ನಾಲ್ಕು ಪಾತಿ ಮಾಡಿಸಿದೆ. ಹರಿವೆ, ಮೆಂತ್ಯ ಬಿತ್ತಿದೆವು, ಬೇಲಿ ಸಾಲಿಗೆ ಆರು ನುಗ್ಗೆ ಕೊಂಬೆ ನೆಟ್ಟೆವು. ಬಚ್ಚಲ ನೀರು, ಪಾತ್ರೆ ತೊಳೆದ ನೀರು ಬಿಟ್ಟರೆ ಬಾವಿಯಿಂದ ದಿನಕ್ಕೆ ಎರಡು ಕೊಡ ಮಾತ್ರ ಸಿಗುತ್ತಿತ್ತು. ಸೊಪ್ಪು ನಾಲ್ಕು ಬೆರಳು ಎದ್ದಾಗ ಆರು ಮಂಕರಿ ಶೇಂಗಾ ಸಿಪ್ಪೆ ತರಿಸಿ, ತಲೆಗೆ ಖಾತೆಯ ಟೋಪಿ ಇಟ್ಟು, ಊರ ಹತ್ತಿಪ್ಪತ್ತು ಜನರನ್ನು ನಿಲ್ಲಿಸಿಕೊಂಡು ಭಾಷಣ ಬಿಗಿದು, ಎರಡು ಅಂಗುಲ ದಪ್ಪಕ್ಕೆ ಹೊದಿಸಿದೆ. ಎಲ್ಲರೂ ತಲೆಯಾಡಿಸಿದರು. ಒಬ್ಬರಾದರೂ ಚಕಾರ ಎತ್ತಲಿಲ್ಲ.

ಐದು ದಿನ ಬೇರೆ ಹಳ್ಳಿಗಳ ತಿರುಗಾಟ ಮುಗಿಸಿ ಬಂದಾಗ ನಿಂಗಮ್ಮ ಹಿತ್ತಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಸಿಪ್ಪೆಯ ಮೇಲೆಲ್ಲ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಒಂದು ಹಿಡಿ ಎತ್ತಿದೆ. ಅಡಿಯಲ್ಲಿ ಬಿಳಿ ಗೆದ್ದಲು ಗಿಜಿಗಿಜಿ ಎನ್ನುತ್ತಿದ್ದವು. ಸಿಪ್ಪೆಗೆ ಬಂದ ಹುಳು ಸಸಿಗಳ ಬುಡವನ್ನೂ ಕತ್ತರಿಸಿ ಹಾಕಿತ್ತು. ಮುಟ್ಟಿದರೆ ಸಾಕು, ಕಿತ್ತು ಕೈಗೆ ಬರುತ್ತಿದ್ದವು. ನುಗ್ಗೆ ಕೊಂಬೆಗಳ ತೊಗಟೆಯ ಒಳಗೆಲ್ಲ ಮಣ್ಣು ತುಂಬಿತ್ತು. ಇಪ್ಪತ್ತೆರಡು ದಿನದ ಬೆಳೆ ನೆಲಸಮ. ಬಾಗಿಲಿನ ಹತ್ತಿರ ಗೋಡೆಗೆ ಒರಗಿ ನಿಂತಿದ್ದ ದೇವೀರಮ್ಮನ ಕಡೆ ನೋಡಲು ಧೈರ್ಯವಾಗಲಿಲ್ಲ.

ನಿಂಗಮ್ಮ ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವಳು ಸಿಪ್ಪೆಯನ್ನೆಲ್ಲ ಬಾಚಿ ದೂರ ಒಯ್ದು ಸುಟ್ಟಳು. ನಾನು ಸೈಕಲ್ ತುಳಿದು ಜಗಳೂರು ಸಂತೆಯಿಂದ ಸೊಪ್ಪು ತಂದುಕೊಟ್ಟೆ. ಅದು ಎರಡು ಹೊತ್ತಿಗೆ ಆಯಿತು, ಅಷ್ಟೆ. ಹೆರಿಗೆಗೆ ಇನ್ನು ಎರಡು ತಿಂಗಳು ಚಿಲ್ಲರೆ ಉಳಿದಿತ್ತು. ಮತ್ತೆ ಬಿತ್ತೋಣ ಎಂದರೆ ಮಣ್ಣಿನಲ್ಲಿ ಸಾರವಿಲ್ಲ, ನನ್ನ ಹತ್ತಿರ ಗೊಬ್ಬರವಿಲ್ಲ.

ಆ ವಾರವೇ ಬೀದಿಯ ಹೆಂಗಸರು ದೇವೀರಮ್ಮನಿಗೆ ಬಯಕೆ ಊಟ ತಂದರು. ಬಸುರಿ ಬಯಸಿದ್ದನ್ನು ಇಲ್ಲ ಎನ್ನಬಾರದು ಎಂಬುದು ಆ ಕಡೆಯ ಕಟ್ಟುನಿಟ್ಟಿನ ಪದ್ಧತಿ. ನಾನು ಹಿತ್ತಿಲಲ್ಲಿ ಪಾತಿ ಕೆದಕುತ್ತಿದ್ದೆ, ಒಳಗಿನ ಮಾತು ಕೇಳಿಸುತ್ತಿತ್ತು. ಚನ್ನಬಸಪ್ಪಗೌಡರ ತಾಯಿ ಗೌರಜ್ಜಿ, ಎಪ್ಪತ್ತರ ಮುದುಕಿ, ಹುಡುಗಿಯ ಗದ್ದ ಹಿಡಿದು ಕೇಳಿದಳು: “ಹೋಳಿಗೆ ಬೇಕಾ, ಹುಗ್ಗಿ ಬೇಕಾ? ಹೇಳವ್ವಾ, ಏನು ಬಯಕೆ ಐತೆ ನಿಂಗೆ?”

ದೇವೀರಮ್ಮ ಹೇಳಿದಳು: “ನಿಮ್ಮ ತಿಪ್ಪೆ ಗೊಬ್ಬರ ಬೇಕು ಅಜ್ಜೀ.”

ಯಾರೋ ನಗಲು ಹೋಗಿ ಬಾಯಿ ಮುಚ್ಚಿಕೊಂಡರು. ಹುಡುಗಿ ಅಳುತ್ತಿದ್ದಳು. “ನಂಗೆ ಹೋಳಿಗೆ ಬ್ಯಾಡ ಅಜ್ಜೀ. ಈ ಕೂಸಾದ್ರೂ ಉಳೀಲಿ.”

ಗೌರಜ್ಜಿ ಎದ್ದು ಹೊರಗೆ ಬಂದು ಮಗನನ್ನು ಕೂಗಿದಳು. ಗೌಡರು ಗೊಣಗಿದ್ದಕ್ಕೆ ಅವಳ ದನಿ ಏರಿತು. “ಮಾರಬ್ಯಾಡ, ದಾನ ಕೊಡಬ್ಯಾಡ. ನಮ್ಮೂರ ಮಗಳಿಗೆ ಉಡಿ ತುಂಬಾಕೆ ಯಾವ ಲಕ್ಷ್ಮಿ ಬ್ಯಾಡ ಅಂತಾಳೋ? ತುಂಬೋ ಮಂಕರಿನ!”

ಮೊದಲ ಮಂಕರಿಗೆ ಅರಿಸಿನ ಕುಂಕುಮ ಹಚ್ಚಿ, ತಾನೇ ಒಂದು ಹಿಡಿ ತೆಗೆದು ದೇವೀರಮ್ಮನ ಸೆರಗಿಗೆ ಹಾಕಿದಳು. ಸಂಜೆಯೊಳಗೆ ಒಂಬತ್ತು ಮನೆಗಳಿಂದ ಗೊಬ್ಬರ ಬಂತು, ಎಲ್ಲಕ್ಕೂ ಕುಂಕುಮ. ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುವ ಗೊಬ್ಬರ. ಮೂಢನಂಬಿಕೆ ಎಂದು ಬೈದುಕೊಂಡಿದ್ದ ನನಗೆ ತಲೆ ಎತ್ತಲಾಗಲಿಲ್ಲ. ಹೊದಿಕೆಗೆ ಏನು ಹಾಕಲಿ ಎಂದು ಅಜ್ಜಿಯನ್ನು ಕೇಳಿದೆ. ಆ ಊರಿನಲ್ಲಿ ನಾನು ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು. ಹೊಂಗೆ ಸೊಪ್ಪು, ಬೇವಿನ ಸೊಪ್ಪು ಹಾಕು, ಆ ಕಹಿಗೆ ಹುಳ ಸುಳಿಯಲ್ಲ ಎಂದಳು.

ಫೆಬ್ರವರಿ ಕೊನೆಯಲ್ಲಿ ಮತ್ತೆ ಬಿತ್ತಿದೆವು. ಮಾರ್ಚ್ ಮುಗಿಯುವ ಮೊದಲೇ ಹರಿವೆ ಕೊಯ್ಲಿಗೆ ಬಂತು. ಆಮೇಲೆ ದೇವೀರಮ್ಮನಿಗೆ ದಿನವೂ ಎರಡು ಹೊತ್ತು ಸೊಪ್ಪಿನ ಸಾರು, ಪಲ್ಯ. ಏಪ್ರಿಲ್ ಕೊನೆಯಲ್ಲಿ ನೋವು ಶುರುವಾಗಿ, ರಕ್ತ ಹೋಗುವುದು ನಿಲ್ಲದೆ, ಗೌಡರ ಗಾಡಿಯಲ್ಲಿ ಜಗಳೂರಿಗೆ ಒಯ್ದೆವು. ನಾನು ಗಾಡಿಯ ಹಿಂದೆ ಸೈಕಲ್ಲಿನಲ್ಲಿ ಹೋದೆ. ಹೆಣ್ಣು ಮಗು ಹುಟ್ಟಿತು, ಸಣಕಲು, ಆದರೆ ಅಳು ಜೋರು. ತಾಯಿಯೂ ಉಳಿದಳು. ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಬಂದು, ಜನವರಿಯಲ್ಲಿದ್ದ ಸ್ಥಿತಿಯಲ್ಲೇ ಇದ್ದಿದ್ದರೆ ಈಕೆ ಉಳಿಯುತ್ತಿರಲಿಲ್ಲ ಎಂದರು. ಸೊಪ್ಪೇ ಉಳಿಸಿತೋ, ಔಷಧಿ ಉಳಿಸಿತೋ ನಾನು ಹೇಳಲಾರೆ. ಆಸ್ಪತ್ರೆಯ ಜಗಲಿಯಲ್ಲಿ ಕೂತು ಅತ್ತುಬಿಟ್ಟೆ.

ಜೂನಿನಲ್ಲಿ ನನಗೆ ಚನ್ನಗಿರಿಗೆ ವರ್ಗವಾಯಿತು. ಹೊರಡುವ ದಿನ ನಿಂಗಮ್ಮನ ಮನೆಗೆ ಹೋದೆ. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಇಷ್ಟು ದಿನ ಮುಂದೂಡುತ್ತಾ ಬಂದಿದ್ದ ಮಾತನ್ನು ಆಡಿದೆ: “ತಪ್ಪಾಯ್ತು ನಿಂಗಮ್ಮ. ಶೇಂಗಾ ಸಿಪ್ಪೆಗೆ ಗೆದ್ದಲು ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ.”

ಅವಳು ಕೈ ನಿಲ್ಲಿಸದೆ ಅಂದಳು: “ನಂಗೆ ಗೊತ್ತಿತ್ತು ಸಾಹೇಬ್ರೆ. ಈ ನೆಲದಾಗೆ ಯಾರಿಗೆ ಗೊತ್ತಿಲ್ಲ?”

“ಮತ್ತೆ ಯಾಕೆ ಹೇಳಲಿಲ್ಲ?”

“ನೀವು ಓದಿದೋರು, ಸರ್ಕಾರದೋರು. ಹುಳ ಬರದಂಗೆ ಏನೋ ಔಷಧಿ ಹಾಕಿರ್ತೀರಿ ಅನ್ಕೊಂಡೆ. ನಂಗಿಂತ ನಿಮಗೆ ಚೆನ್ನಾಗಿ ಗೊತ್ತಿರ್ತೈತೆ ಅಂತ ಸುಮ್ನಾದೆ. ದೊಡ್ಡೋರಿಗೆ ಎದುರು ಮಾತು ಹೆಂಗೆ ಆಡಾಕೆ ಬರ್ತೈತೆ?”

ಮಗಳ ಪ್ರಾಣಕ್ಕಿಂತ ನನ್ನ ಟೋಪಿಗೆ ಅವಳು ಹೆಚ್ಚು ಮರ್ಯಾದೆ ಕೊಟ್ಟಿದ್ದಳು. ಅದನ್ನು ಅವಳ ಅಜ್ಞಾನ ಎಂದು ಬರೆದು ಕೈ ತೊಳೆದುಕೊಳ್ಳಲು ಇಂದಿಗೂ ನನ್ನಿಂದಾಗಿಲ್ಲ. ಬಾಯಿ ತೆರೆಯಲು ಆಗದ ಹಾಗೆ ಅವಳ ಹಿತ್ತಿಲಲ್ಲಿ ನಿಂತಿದ್ದವನು ನಾನು.

ಆಮೇಲೆ ಬಹಳ ವರ್ಷ ಚನ್ನಗಿರಿಯಲ್ಲೂ ಬೇರೆ ಕಡೆಗಳಲ್ಲೂ ಇದೇ ಕೆಲಸ ಮಾಡಿದೆ. ಎಲ್ಲಿಗೆ ಹೋದರೂ ಮೊದಲ ಎಂಟು ದಿನ ಏನನ್ನೂ ಕಲಿಸುತ್ತಿರಲಿಲ್ಲ. ಟೋಪಿ ತೆಗೆದಿಟ್ಟು, ಹೆಂಗಸರು ಕೆಲಸ ಮಾಡುವ ಹಿತ್ತಿಲಲ್ಲಿ ಕೂತು, ಇಲ್ಲಿ ಏನು ಕೊಳೆಯುತ್ತೆ, ಯಾವುದಕ್ಕೆ ಹುಳ ಬೀಳುತ್ತೆ ಎಂದು ಕೇಳುತ್ತಿದ್ದೆ. ಯಾರಾದರೂ ಒಬ್ಬರು “ಅದು ಆಗಲ್ಲ ಬಿಡ್ರಿ” ಎಂದು ನನ್ನ ಮುಖಕ್ಕೇ ಹೇಳುವ ತನಕ ಒಂದು ಗುಂಡಿಯನ್ನೂ ತೋಡಿಸುತ್ತಿರಲಿಲ್ಲ. ಜನ ನನ್ನ ಮಾತಿಗೆಲ್ಲ ಸುಮ್ಮನೆ ತಲೆಯಾಡಿಸಿದಾಗ ಮಾತ್ರ ನನಗೆ ಭಯವಾಗುತ್ತಿತ್ತು.