ಕತ್ತರಿ ಅತ್ತೆಯ ಸಾಲದ ಲೆಕ್ಕ

ನನ್ನ ಸೋದರತ್ತೆ ಬ್ಯಾಂಕಿನಲ್ಲಿ ವಿದ್ಯಾಭ್ಯಾಸದ ಸಾಲ ನೋಡಿಕೊಳ್ಳುತ್ತಾಳೆ. ಬೆನ್ನ ಹಿಂದೆ ಜನ ಇಟ್ಟ ಹೆಸರು ಕತ್ತರಿ. ಅದು ಕಿವಿಗೆ ಬಿದ್ದ ದಿನ ಅವಳು ಸಿಟ್ಟಾಗುವುದಿರಲಿ, ಕ್ಯಾಂಟೀನಿನಲ್ಲಿ ಎಲ್ಲರಿಗೂ ಟೀ ಕೊಡಿಸಿದಳು.

ಕಾಲೇಜು ಸೇರುವ ಮಕ್ಕಳನ್ನು ಕರೆತರುವ ಅಪ್ಪಂದಿರ ಮೊದಲ ಪ್ರಶ್ನೆ ಒಂದೇ: "ಮೇಡಂ, ಹೆಚ್ಚಂದ್ರೆ ಎಷ್ಟು ಸಿಗುತ್ತೆ?" ಸಿಕ್ಕಷ್ಟೂ ಬಾಚಿಕೊಳ್ಳದಿದ್ದರೆ ನಷ್ಟವೇನೋ ಎಂಬಂಥ ಮುಖ. ಅತ್ತೆ ಅಪ್ಪನನ್ನು ಹೊಸ ಫೋಟೊ ತೆಗೆಸಲು ಸಾಗಹಾಕಿ ಮಗುವನ್ನು ಕೇಳುತ್ತಾಳೆ: "ಓದು ಮುಗಿದ್ಮೇಲೆ ಮೊದಲ ಸಂಬಳ ಎಷ್ಟು ಬರಬಹುದು? ಕಂತು ಕಟ್ಟಿದ್ಮೇಲೆ ಊಟಕ್ಕೆ ಉಳಿಯುತ್ತಾ?" ಮಗು ಪೆಚ್ಚಾಗುತ್ತದೆ. ಅರ್ಜಿಯೊಳಗೆ ನುಸುಳಿದ್ದ ಸ್ಕೂಟರು, ದುಬಾರಿ ಫೋನು ಒಂದೊಂದಾಗಿ ಉದುರುತ್ತವೆ. ಎದುರಿನ ಫೋಟೊ ಅಂಗಡಿಯವನಿಗೆ ಮಾತ್ರ ಅತ್ತೆಯ ಮೇಲೆ ಬಲು ಪ್ರೀತಿ.

ನನಗೆ ದೂರದ ಊರಿನಲ್ಲಿ ಹಡಗು ಕಟ್ಟುವ ಎಂಜಿನಿಯರಿಂಗ್ ಓದಲು ಸೀಟು ಸಿಕ್ಕಿತ್ತು. ಅಪ್ಪ ಅರ್ಜಿ ಬರೆದದ್ದು ಮನೆ ಪಕ್ಕದ ಕಾಲೇಜಿನ ಬಿ.ಕಾಂ.ಗೆ, ಸಾಲವೂ ಚಿಕ್ಕದು.

"ನೋಡಮ್ಮಾ ತಂಗಿ, ಇದರಲ್ಲಿ ಕತ್ತರಿಸು ನೋಡೋಣ!" ಅಂತ ಅಪ್ಪ ಅತ್ತೆಯ ಮುಂದೆ ಎದೆಯುಬ್ಬಿಸಿ ಕೂತ. ನನಗೆ ಅಳುವೇ ಬರುತ್ತಿತ್ತು.

"ಅಣ್ಣಾ, ಈ ಫೋಟೊದಲ್ಲಿ ನಿನಗೆ ತಲೆ ತುಂಬ ಕೂದಲಿದೆ. ಬ್ಯಾಂಕಿಗೆ ಸುಳ್ಳು ಹೇಳಬಾರದು. ಹೊಸದು ತೆಗೆಸ್ಕೊಂಡು ಬಾ."

ಅಪ್ಪ ಗೊಣಗುತ್ತಾ ಹೋದ.

"ನಿನಗೇನು ಓದಬೇಕು?" ಅಂದಳು ಅತ್ತೆ.

"ಹಡಗು. ಆದ್ರೆ ಅಷ್ಟೊಂದು ಸಾಲ ಅಂದ್ರೆ ಅಪ್ಪನಿಗೆ ಭಯ."

"ಅಲ್ಲಿ ಓದಿದವರು ನನ್ನ ಹತ್ರಾನೇ ಕಂತು ಕಟ್ತಾರೆ. ಕಟ್ಟಿ, ಮೂರು ಹೊತ್ತು ಉಂಡು, ಸಿನಿಮಾಗೂ ಉಳಿಸ್ತಾರೆ. ಬೇಡದ ಓದಿಗೆ ಮಾಡಿದ ಚಿಕ್ಕ ಸಾಲವೂ ದಂಡಾನೇ ಕಣೇ."

ಫೀಸು, ಹಾಸ್ಟೆಲು, ಪುಸ್ತಕ, ಎಲ್ಲ ಕೂಡಿ ಹೊಸ ಅರ್ಜಿ ಬರೆಸಿದಳು. ಮಂಜೂರು ಮಾಡುವುದು ಮ್ಯಾನೇಜರ್; ಸಂಬಂಧಿಕರ ಫೈಲಿಗೆ ಅವಳು ಸಹಿ ಹಾಕುವಂತಿಲ್ಲ. ಅಪ್ಪನ ಸಹಿಯಂತೂ ಬೇಕೇ ಬೇಕು.

ಅಪ್ಪ ಬಂದು ಮೊತ್ತ ನೋಡಿ ಹೌಹಾರಿದ. "ನಾಲ್ಕು ಪಟ್ಟು! ನಿನಗೇನು ತಲೆ ಕೆಟ್ಟಿದೆಯಾ?"

"ಅವಳು ತೀರಿಸ್ತಾಳೆ, ಲೆಕ್ಕ ನೋಡು."

ಅಪ್ಪ ಲೆಕ್ಕ ನೋಡಿದ. ತಪ್ಪು ಸಿಗಲಿಲ್ಲ. ಕೊನೆಗೆ ಮೆಲ್ಲಗೆ ಅಂದ, "ಅಷ್ಟು ದೂರ ಹೋಗ್ಬಿಟ್ರೆ ಮನೇಲಿ ನಾನು ಯಾರ ಜೊತೆ ಜಗಳ ಆಡ್ಲಿ?"

"ಹಾಗೆ ಹೇಳು ಮತ್ತೆ! ಅದಕ್ಕೆಲ್ಲ ಬ್ಯಾಂಕಲ್ಲಿ ಸಾಲ ಕೊಡಲ್ಲ ಅಣ್ಣಾ."

ಅಪ್ಪ ಪೆನ್ನು ತೆಗೆದುಕೊಂಡ, ಸಹಿ ಹಾಕದೆ ಮತ್ತೆ ಹಾಳೆ ತಿರುವಿದ.

"ರಜೆಗೆ ಊರಿಗೆ ಬರೋ ರೈಲಿನ ಖರ್ಚು ವರ್ಷಕ್ಕೆ ಒಂದೇ ಸಲದ್ದು ಬರೆಸಿದ್ದೀಯಲ್ಲ," ಅಂದ. "ಇನ್ನೊಂದು ಸಲದ್ದೂ ಸೇರಿಸು."