ಬೇವಿನ ಕಟ್ಟೆ ಮೇಲೆ ನೈಟ್ರೋಜನ್ ಕ್ಯಾನು

ನಾನು ಅಲ್ಯುಮಿನಿಯಂ ಸಲಾಕೆಯನ್ನು ಬೇವಿನ ಟೊಂಗೆಗೆ ಕಟ್ಟುತ್ತಿದ್ದ ಹಾಗೇ ಊರ ಸಾವ್ಕಾರ್ರ ಮುಖ ಸಣ್ಣದಾಯ್ತು.

ಯಾಕಂದ್ರೆ ಆ ಟೊಂಗೆ ಇರೋದು ಕಟ್ಟೆ ಮೇಲೆ. ನನ್ನ ತವರೂರಲ್ಲಿ ಬಸವಕಲ್ಯಾಣದ ಆಟೋ ಬರೋತನಕ ಊರ ಮಂದಿ ಅದರ ಮೇಲೆ ನೆರಳಿಗೆ ಕೂಡ್ತಾರೆ. ನಮ್ಮ ಕೇರಿಯ ಹೆಂಗಸರು ಬಿಸಿಲಲ್ಲಿ ನಿಲ್ತಾರೆ.

ಬೋರ್ಡು ಯಾರೂ ಹಾಕಿಲ್ಲ. ಹಾಕುವ ಅಗತ್ಯವೇ ಬಿದ್ದಿಲ್ಲ!

ನನ್ನ ಚಿಗವ್ವ ಶಾಂತವ್ವಗೆ ಮೊಣಕಾಲು ನೋವು. ಆದರೂ ನಿಲ್ತಾಳೆ. ನಾನು ಭಾಷಣ ಹೊಡೆದೆ, ಘೋಷಣೆ ಕೂಗಿದೆ. ಆಕೆಯದು ಒಂದೇ ಮಾತು: "ನೀ ಒದರಿ ಹುಮನಾಬಾದಕ್ಕ ಹೋಗ್ತಿ. ನಾ ಇಲ್ಲೇ ಬಾಳುವೆ ಮಾಡಾಕಿ ಅದೀನವ್ವಾ."

ಹಾಗಾಗಿ ಈ ಸಲ ಬಾಯಿ ಮುಚ್ಚಿಕೊಂಡು ಫಿಸಿಕ್ಸ್ ತೆಗೆದೆ. ಹುಮನಾಬಾದಿನ ಕಾಲೇಜಲ್ಲಿ ನಾನು ಕಲಿಸೋದು ಅದನ್ನೇ.

ದನಗಳಿಗೆ ಗಬ್ಬದ ಇಂಜೆಕ್ಷನ್ ಹಾಕುವ ಖಾಸೀಂ ಭಾಯಿ, ಹೋರಿಯ ವೀರ್ಯ ಕೆಡದಂತೆ ಇಡೋ ತಮ್ಮ ದ್ರವ ನೈಟ್ರೋಜನ್ ಕ್ಯಾನು ಹೊತ್ತು ಬಂದರು. ಗುಂಪಿನಿಂದ ಒಬ್ಬ ಕೂಗಿದ: "ಏನ್ ಭಾಯಿ, ಆಕಾಶಕ್ಕೂ ಸೂಜಿ ಹಾಕಾಕತ್ತೀರೇನ್ರಿ?"

"ಹೌದ್ರಿ. ಗಬ್ಬ ಆದ್ರ ಕರಾ ನಿಮ್ಮ ಮನಿಗೇ!"

ನಾನು ಶುರು ಮಾಡಿದೆ. ಎಲ್ಲೋ ದೂರದಲ್ಲಿ ಎರಡು ಸತ್ತ ನಕ್ಷತ್ರ ಡಿಕ್ಕಿ ಹೊಡೆದರೆ ಜಾಗವೇ ಅಲೆಯಾಗಿ ಅಲುಗುತ್ತೆ. ಆ ಅಲೆ ತಾಗಿದರೆ ಮಿಡಿಯಲಿ ಅಂತ ವಿಜ್ಞಾನಿಗಳು ಟನ್‌ಗಟ್ಟಲೆ ಅಲ್ಯುಮಿನಿಯಂ ತೂಗುಹಾಕಿ ಕಾದು ಕೂತರು.

ಬೆಚ್ಚಗಿನ ಲೋಹದೊಳಗೆ ಅಣುಗಳದ್ದೇ ಗದ್ದಲ. ಹೊರಗಿನ ಸಣ್ಣ ದನಿ ಕೇಳೋದು ಹ್ಯಾಂಗ? ಅದಕ್ಕೇ ತಣ್ಣಗೆ ಮಾಡಿದರು, ಇನ್ನೂ ತಣ್ಣಗೆ... ಅದರಾಚೆ ಚಳಿಯೇ ಇಲ್ಲ ಅನ್ನುವ ಅಂಚಿನತನಕ. ಅದರ ಮುಂದೆ ಖಾಸೀಂ ಭಾಯಿಯ ನೈಟ್ರೋಜನ್ ಬಿಸಿ ಚಹಾ!

ಷರತ್ತು ಹೇಳಿದೆ. ಸಲಾಕೆಗೆ ಕಟ್ಟಿದ ದಾರದ ತುದಿಯನ್ನು ಕಿವಿಗೆ ಒತ್ತಿಕೊಂಡು, ಕಟ್ಟೆ ಮೇಲೆ ಕೂತು ಕೇಳಬೇಕು. ನಿಂತರೆ ಕೇಳಿಸಲ್ಲ.

ಕೂತೇ ಕೇಳಬೇಕು ಅನ್ನೋದು ವಿಜ್ಞಾನ ಅಲ್ಲ. ನನ್ನ ಕಿಲಾಡಿತನ.

"ವಯಸ್ಸಾದವರು ಮೊದಲು" ಅಂತ ಚಿಗವ್ವನ ರಟ್ಟೆ ಹಿಡಿದು ಮೇಲೆ ಕೂರಿಸಿದೆ. ಯಾರೋ ತಡೆಯಲು ಗಂಟಲು ಸರಿಮಾಡಿಕೊಂಡರು... ಅಷ್ಟರಲ್ಲಿ ಭಾಯಿ ಸಲಾಕೆ ಮೇಲೆ ನೈಟ್ರೋಜನ್ ಸುರಿದರು. ಬುಸ್ಸಂತ ಬಿಳಿ ಹೊಗೆ. ಗಂಟಲುಗಳೆಲ್ಲ ಬಂದ್.

ಸಲಾಕೆಯನ್ನು ಸಣ್ಣಗೆ ತಟ್ಟಿದೆ. ಬೆಚ್ಚಗಿದ್ದಾಗ ಬೇಗ ಅಡಗುತ್ತಿದ್ದ ದನಿ ಈಗ ನಿಲ್ಲಲೊಲ್ಲದು.

ಸಾವ್ಕಾರ್ರಿಗೆ ತಡೆಯಲಾಗಲಿಲ್ಲ. ಊರಲ್ಲಿ ಏನೇ ಬಂದರೂ ಮೊದಲ ಪಾಳಿ ಅವರದೇ ಅಲ್ವಾ!

"ಬ್ಯಾರೆ ದಾರ ಇಲ್ಲೇನವ್ವಾ?"

"ಇಲ್ರಿ ಸಾವ್ಕಾರ್ರ. ಇರೋದು ಇದೊಂದೇ."

ನನ್ನ ಬ್ಯಾಗಲ್ಲಿ ದಾರದ ಇಡೀ ಉಂಡೆ ಇತ್ತು.

ಚಿಗವ್ವ ಕಣ್ಣು ಮುಚ್ಚಿದ್ದಳು. "ತಡೀರಿ, ಇನ್ನೂ ದನಿ ಬರಾಕತ್ತೈತಿ."

ಸಾವ್ಕಾರ್ರು ಬಿಸಿಲಲ್ಲಿ ನಿಂತು ಕಾದರು. ಆಮೇಲೆ ಆಕೆಯ ಪಕ್ಕದಲ್ಲೇ ಕೂತು, ಆಕೆಯ ಕಿವಿಯಿಂದ ಬಂದ ದಾರವನ್ನು ತಮ್ಮ ಕಿವಿಗೆ ಇಟ್ಟುಕೊಂಡರು.

ಇದರಿಂದ ಜಾತಿ ಸತ್ತಿತು ಅಂತ ಕುಣಿಯೋ ಹುಚ್ಚಿ ನಾನಲ್ಲ. ಮರುದಿನ ಬೆಳಿಗ್ಗೆ ಸಲಾಕೆ ಬಿಚ್ಚಿಕೊಂಡು ಆಟೋಗೆ ನಿಂತೆ. ಟೊಂಗೆ ಖಾಲಿ. ಕಟ್ಟೆ ಮೇಲೆ ಚಿಗವ್ವ ಒಬ್ಬಳೇ ಕಾಲು ಚಾಚಿ ಕೂತಿದ್ದಾಳೆ.

"ಆಟ ಮುಗೀತಲ್ಲಬೇ, ಇನ್ಯಾಕ ಕುಂತಿ?" ಅಂದ ಒಬ್ಬ.

"ಗಪ್ಪ ನಿಂದ್ರಪಾ. ಕೇಳಾಕತ್ತೇನಿ."

ನಿಮ್ಮೂರಲ್ಲಿ ಬಿಸಿಲಿಗೆ ನಿಂತವರು ಯಾರು?